ರಾತ್ರಿ ಎಂಟೂಕಾಲಿಗೆ ಯಾರ ಮನೇಲಿ ಏನ್ ನಡೀತಿದೆ? (3ನೇ ಕ್ರಾಸ್ ನಿವಾಸಿಗಳ ಗುಂಪು, ಮೈಸೂರು)

31ನೇ ಮನೆ:
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ನೋಡ್ತಾ ಇದೀನಿ, ರಾತ್ರಿ ಎಂಟೂಕಾಲು ಆಯ್ತು ಅಂದ್ರೆ ನಮ್ಮ ಟೀವಿ ಸ್ತಬ್ಧ, ಸೆಟ್‌ಟಾಪ್ ಬಾಕ್ಸ್ ತಾನೇ ಆಫಾಗಿ ತಾನೇ ಆನಾಗತ್ತೆ, ನಿನ್ನೆಯಂತೂ ಇ.ಎಲ್.ಸಿ.ಬಿ. (ಕರೆಂಟ್ ಲೀಕಾದ್ರೆ ಲೈನ್ ಕಟ್ ಮಾಡೋ ಸ್ವಿಚ್ಚು) ಎರಡು ಸಲ ಬಿತ್ತು, ಗ್ರೈಂಡರಲ್ಲಿ ದೋಸೆ ಹಿಟ್ಟು ಅರ್ಧಂಬರ್ಧ ರುಬ್ಬಿ ಹಾಗೇ ನಿಂತಿತ್ತು. ಬೇರೆಯವರ ಮನೇಲೂ ಹೀಗಾಗ್ತಿದ್ಯಾ?

22ನೇ ಮನೆ:
ನಮ್ಮಲ್ಲೂ ವೈಫೈ ಹೋಗತ್ತೆ. ಕಂಪ್ಲೇಂಟ್ ಕೊಟ್ಟು ಲೈನ್‌ಮ್ಯಾನ್ ಬಂದು ಕಂಬ ಹತ್ತಿ ನೋಡಿ ಎಲ್ಲಾ ಸರಿಯಿದೆ ಸಾರ್ ಅಂತ ಹೋದ. ಅವನು ಬಂದಿದ್ದು ಬೆಳಿಗ್ಗೆ ಹನ್ನೊಂದಕ್ಕೆ, ಇದು ಆಗೋದು ರಾತ್ರಿ.

29ನೇ ಮನೆ:
ನಾನು ಹೇಳಿದ್ರೆ ನಗ್ತೀರ ಅಂತ ಸುಮ್ನಿದ್ದೆ. ನಮ್ಮ ಟೆರೇಸಿನ ಮೆಟ್ಟಿಲ ಹತ್ರದ ಟ್ಯೂಬ್‌ಲೈಟು ಸ್ವಿಚ್ ಹಾಕದೇನೇ ಮಿಣಕ್ ಮಿಣಕ್ ಅಂತ ಉರಿಯತ್ತೆ. ಪೂರ್ತಿ ಅಲ್ಲ, ಬೂದುಬಣ್ಣದ ಹೊಗೆ ತುಂಬಿದ ಹಾಗೆ. ನಮ್ಮತ್ತೆ ಎರಡು ದಿನದಿಂದ ಬಟ್ಟೆ ತರೋಕೂ ಮೇಲೆ ಹೋಗ್ತಿಲ್ಲ.

35ನೇ ಮನೆ:
ನಮ್ಮ ಕಾಲಿಂಗ್ ಬೆಲ್ಲೂ ಸುಮ್‌ಸುಮ್ನೆ ಹೊಡಕೊಳ್ಳತ್ತೆ!

18ನೇ ಮನೆ (ಮೇಷ್ಟ್ರು):
ನಿನ್ನೆ ನನ್ನ ಹಳೇ ಟ್ರಾನ್ಸಿಸ್ಟರಲ್ಲಿ ಮೀಡಿಯಂ ವೇವ್ ಬೆಂಗಳೂರು, 612, ಹಾಕ್ಕೊಂಡು ಕೂತಿದ್ದೆ. ಎಂಟೂಕಾಲಿಗೆ ಬರ್ರ್ ಅಂತ ಶುರುವಾಯ್ತು. ಮುಳ್ಳನ್ನ ಎಲ್ಲಿಗೆ ತಿರುಗಿಸಿದ್ರೂ ಅದೇ ಸದ್ದು, ಅಂದ್ರೆ ಇದು ಸ್ಟೇಷನ್ ತೊಂದರೆ ಅಲ್ಲ, ಎಲ್ಲೋ ಕಿಡಿ ಹಾರ್ತಿದೆ ಅಂತ ಗೊತ್ತಾಯ್ತು. ರೇಡಿಯೋ ಹಿಡ್ಕೊಂಡೇ ಬೀದಿಗೆ ಇಳಿದೆ. ಒಳಗಡೆ ಸಿಗ್ನಲ್ ಹಿಡಿಯೋ ಫೆರೈಟ್ ಕಡ್ಡಿ ಇರತ್ತಲ್ಲ, ಅದರ ತುದಿ ಸದ್ದಿನ ಮೂಲದ ಕಡೆ ತಿರುಗಿದಾಗ ಸದ್ದು ಅಡಗತ್ತೆ, ಅಡ್ಡಕ್ಕೆ ಹಿಡಿದ್ರೆ ಕಿರುಚತ್ತೆ. ಒಂದು ಸಲ ಪಾರ್ಕ್ ಮೂಲೇಲಿ ನಿಂತು ನೋಡಿದೆ, ಇನ್ನೊಂದು ಸಲ ಹಾಲಿನ ಬೂತ್ ಹತ್ರ. ಎರಡೂ ಗೆರೆ ಸೇರೋದು 27ರ ಟೆರೇಸಲ್ಲಿ. ಮನೆಯವರನ್ನ ಕೇಳದೆ ಇಲ್ಲಿ ಹಾಕ್ತಿರೋದಕ್ಕೆ ಕ್ಷಮಿಸಿ, ಆದರೆ ಏನಪ್ಪಾ ಅದು?

27ನೇ ಮನೆ (ಮಗ):
ಅಂಕಲ್, ಆಂಟಿ, ಎಲ್ಲರಿಗೂ ಸಾರಿ. ನಾನೇ. ಟೆಸ್ಲಾ ಕಾಯಿಲ್ ಕಟ್ಟಿದೀನಿ, ಅಂದ್ರೆ ತಂತಿ ಸುರುಳಿಗಳಿಂದ ತುಂಬಾ ಹೆಚ್ಚು ವೋಲ್ಟೇಜ್ ಮಾಡಿ ಗಾಳೀಲಿ ಮಿಂಚು ಹಾರಿಸೋ ಯಂತ್ರ. ಕಾರ್ ಕಂಪನಿ ಅಲ್ಲ, ನಿಕೋಲಾ ಟೆಸ್ಲಾ 1891ರಲ್ಲಿ ಮಾಡಿದ್ದು. ಇಷ್ಟು ದೂರಕ್ಕೆ ತೊಂದರೆ ಆಗ್ತಿದೆ ಅಂತ ನಿಜವಾಗ್ಲೂ ಗೊತ್ತಿರಲಿಲ್ಲ, ನಮ್ಮನೆ ಟೀವಿ ಕೆಟ್ಟು ಮೂರು ತಿಂಗಳಾಗಿದೆ.

27ನೇ ಮನೆ (ತಾಯಿ):
ಪೈಪಿಗೆ ತಂತಿ ಸುತ್ತುವಾಗ ಮೂರು ಸಂಜೆ ಪೈಪ್ ತಿರುಗಿಸ್ತಾ ಕೂತಿದ್ದು ನಾನೇ. ಕಾಲೇಜ್ ಪ್ರಾಜೆಕ್ಟು ಅಂದ. 640ನೇ ಸುತ್ತಿಗೆ ತಂತಿ ಒಂದರ ಮೇಲೊಂದು ಹತ್ತಿ ಎಲ್ಲಾ ಬಿಚ್ಚಿ ಮತ್ತೆ ಸುತ್ತಿದ್ವಿ. ವೀಣೆ ಪಾಠದ ಮಕ್ಕಳನ್ನ ವಾಪಸ್ ಕಳಿಸಿದೀನಿ ಇದಕ್ಕೋಸ್ಕರ. ಈಗ ನೋಡಿ.

18ನೇ ಮನೆ (ಮೇಷ್ಟ್ರು):
ಅಳತೆ ಎಲ್ಲಾ ಹೇಳು. ಸಪ್ಲೈ ಏನು, ಅರ್ತ್ ಎಲ್ಲಿಗೆ ಕೊಟ್ಟಿದೀಯ?

27ನೇ ಮನೆ (ಮಗ):
ಗುಜರೀಲಿ ಸಿಕ್ಕ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಸಾರ್, 15,000 ವೋಲ್ಟು, 30 ಮಿಲಿಆಂಪ್. ಅದಕ್ಕೆ ತಕ್ಕಂತೆ ಕೆಪಾಸಿಟರ್ 10 ನ್ಯಾನೋಫ್ಯಾರಡ್, ಅಂದ್ರೆ 0.15 ಮೈಕ್ರೋದ 2,000 ವೋಲ್ಟಿನವು 15 ಸಾಲಾಗಿ, ಪ್ರತಿಯೊಂದಕ್ಕೂ 10 ಮೆಗಾಓಮಿನ ರೆಸಿಸ್ಟರ್ ಅಡ್ಡ ಹಾಕಿದೀನಿ, ಆಫ್ ಮಾಡಿದ್ಮೇಲೆ ಚಾರ್ಜ್ ಉಳೀಬಾರದು ಅಂತ. ಸೆಕೆಂಡರಿ, ಅಂದ್ರೆ ಮಿಂಚು ಹಾರಿಸೋ ಮೇಲಿನ ಕಾಯಿಲು, 110 ಮಿ.ಮೀ. ಪಿವಿಸಿ ಪೈಪು, 0.45 ಮಿ.ಮೀ. ಎನಾಮಲ್ ತಂತಿ 1,000 ಸುತ್ತು, ಹತ್ರ ಹತ್ರ ಅರ್ಧ ಕೆ.ಜಿ. ತಂತಿ, 345 ಮೀಟರ್. ಮೇಲಿನ ಉಂಗುರ ಅಡುಗೆಮನೆ ಚಿಮಣಿಯ ಅಲ್ಯೂಮಿನಿಯಂ ಪೈಪು ಬಗ್ಗಿಸಿ ಮಾಡಿದ್ದು. ಲೆಕ್ಕ ಹಾಕಿದ್ರೆ 22 ಮಿಲಿಹೆನ್ರಿ, 20 ಪಿಕೋಫ್ಯಾರಡ್, ಅದು ಮಿಡಿಯೋ ಫ್ರೀಕ್ವೆನ್ಸಿ ಸುಮಾರು 240 ಕಿಲೋಹರ್ಟ್ಸ್. ಕೆಳಗಿನ ಕಾಯಿಲು, ಪ್ರೈಮರಿ, ಫ್ರಿಜ್ ರಿಪೇರಿಯವರ ಕಾಲಿಂಚು ತಾಮ್ರದ ಪೈಪು, ಚಕ್ಕುಲಿ ಥರ ಸುತ್ತಿದ್ದು. ಕ್ಲಿಪ್ಪನ್ನ 9ನೇ ಸುತ್ತಿಗೆ ಹಾಕಿದ್ರೆ ಬರೀ ಚಿಟಚಿಟ, 11ನೇ ಸುತ್ತಿಗೆ ಹಾಕಿದ ತಕ್ಷಣ ಒಂದೂವರೆ ಅಡಿ ಮಿಂಚು. ಅಮ್ಮನಿಗೆ ವೀಣೆ ಉದಾಹರಣೆ ಕೊಟ್ಟೆ, ಒಂದು ತಂತಿ ಮೀಟಿದ್ರೆ ಅದೇ ಶ್ರುತಿಯ ಇನ್ನೊಂದು ತಂತಿ ತಾನೇ ಮಿಡಿಯತ್ತಲ್ಲ, ಎರಡು ಕಾಯಿಲೂ ಹಾಗೇ ಶ್ರುತಿ ಸೇರಬೇಕು. ಅರ್ತ್ ನಮ್ಮನೆ ಪ್ಲಗ್ಗಿನ ಅರ್ತೇ ಸಾರ್.

18ನೇ ಮನೆ (ಮೇಷ್ಟ್ರು):
ಅಲ್ಲೇ ಕೆಟ್ಟಿದ್ದು ನೋಡು! ಉಳಿದಿದ್ದೆಲ್ಲಾ ಅಚ್ಚುಕಟ್ಟಾಗಿ ಮಾಡಿ ಇದೊಂದನ್ನ ಹೀಗೆ ಮಾಡಿದೀಯ. 240 ಕಿಲೋಹರ್ಟ್ಸಿಗೆ ಮನೆಯ ಹಸಿರು ವೈರು ಅರ್ತೇ ಅಲ್ಲ, ಅದೊಂದು ಉದ್ದನೆ ಏರಿಯಲ್ಲು. ಅದೂ ಅಲ್ದೆ 27, 29, 31 ಕಟ್ಟಿದ ಬಿಲ್ಡರು ಮೂರು ಮನೆಗೂ ಸೇರಿಸಿ ಒಂದೇ ಅರ್ತ್ ಗುಂಡಿ ತೋಡಿದಾನೆ, ನಾನೇ ನಿಂತು ನೋಡಿದೀನಿ. ನೀನು ಕಿಡಿ ಹಾರಿಸಿದಾಗ ಕಾಯಿಲಿನ ಬುಡದಿಂದ ಇಳಿಯೋ ಕರೆಂಟು 31ರ ಗ್ರೈಂಡರ್ ಬಾಡಿಗೆ ಹೋಗಿ ಮುಟ್ಟತ್ತೆ, ಇ.ಎಲ್.ಸಿ.ಬಿ. ಬೀಳ್ದೆ ಇನ್ನೇನು. ಟ್ಯೂಬ್‌ಲೈಟ್ ವಿಷಯ ಬೇರೆ, ಅದು ಗಾಳಿಯಲ್ಲೇ ಬರೋದು, ಒಳಗಿನ ಗ್ಯಾಸ್ ಹತ್ರದ ಫೀಲ್ಡಿಗೇ ಹೊಳೆಯತ್ತೆ. ಅತ್ತೆಯವರಿಗೆ ಹೇಳಿ, ದೆವ್ವ ಅಲ್ಲ.

29ನೇ ಮನೆ:
ಹೇಳಿದೆ ಸಾರ್. ದೆವ್ವ ಆಗಿದ್ರೇ ವಾಸಿ, ಮಂತ್ರ ಹಾಕಿಸಬಹುದಿತ್ತು ಅಂದ್ರು.

24ನೇ ಮನೆ:
ನೀವೆಲ್ಲಾ ಸೇರಿ ಕ್ಲಾಸ್ ತಗೋತಿದೀರಲ್ಲ! ನಮ್ಮ ತಂದೆಗೆ ಪೇಸ್‌ಮೇಕರ್ ಹಾಕಿದಾರೆ, 27ರ ಎದುರುಗಡೆನೇ ಇದೀವಿ, ಹಿಯರಿಂಗ್ ಏಡ್ ಕುಯ್ಯೋ ಅನ್ನತ್ತೆ ಅಂತ ವಾರದಿಂದ ಅದನ್ನ ತೆಗೆದಿಟ್ಟು ಕೂತಿದಾರೆ. ಇವತ್ತಿಂದಲೇ ನಿಲ್ಲಬೇಕು. ಇಲ್ಲಾಂದ್ರೆ ಸ್ಟೇಷನ್ನಿಗೆ ಹೋಗ್ತೀನಿ, ಬೇಜಾರ್ ಮಾಡ್ಕೋಬೇಡಿ.

27ನೇ ಮನೆ (ಮಗ):
ಅಂಕಲ್ ಪೇಸ್‌ಮೇಕರ್ ವಿಷಯ ಗೊತ್ತಿರಲಿಲ್ಲ. ಈಗಲೇ ಪ್ಲಗ್ ಕಿತ್ತೆ.

18ನೇ ಮನೆ (ಮೇಷ್ಟ್ರು):
24ರವರು ಹೇಳಿದ್ದು ನೂರಕ್ಕೆ ನೂರು ಸರಿ, ಪೇಸ್‌ಮೇಕರ್ ಇರೋರು ಇಂಥದ್ದರ ಹತ್ರ ಸುಳೀಲೇಬಾರದು. ಹುಡುಗನಿಗೂ ಒಂದು ಮಾತು. ಆ ಮಿಂಚನ್ನ ಮುಟ್ಟಿದ್ರೆ ಏನೂ ಆಗಲ್ಲ ಅಂತ ವಿಡಿಯೋದಲ್ಲಿ ತೋರಿಸೋರನ್ನ ನಂಬಬೇಡ. ಹೆಚ್ಚಿನ ಫ್ರೀಕ್ವೆನ್ಸೀಲಿ ಶಾಕ್ ಗೊತ್ತಾಗಲ್ಲ ಅಷ್ಟೆ, ಒಳಗೆ ಸುಡತ್ತೆ. ಕೆಳಗಿರೋ 15,000 ವೋಲ್ಟು 50 ಹರ್ಟ್ಸಿಂದು, ಅದು ಎರಡನೇ ಅವಕಾಶ ಕೊಡಲ್ಲ. ಆದ್ರೂ ನಿಲ್ಲಿಸಿಬಿಡು ಅಂತ ನನ್ನ ಬಾಯಲ್ಲಿ ಬರ್ತಿಲ್ಲ. ಇದೇ ಊರಲ್ಲಿ 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮನೇಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಕೊಂಡು ಶುರು ಮಾಡಿದ್ದೇ ಆಕಾಶವಾಣಿ.

24ನೇ ಮನೆ:
ಅವರು ಪಕ್ಕದ ಮನೆ ಗ್ರೈಂಡರ್ ನಿಲ್ಲಿಸಿರಲಿಲ್ಲ ಮೇಷ್ಟ್ರೇ.

18ನೇ ಮನೆ (ಮೇಷ್ಟ್ರು):
ಒಪ್ಪಿದೆ.

27ನೇ ಮನೆ (ಮಗ):
ಟೆಸ್ಲಾ 1899ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಇಡೀ ಊರಿನ ಕರೆಂಟೇ ತೆಗೆದಿದ್ದ ಅಂತ ಒಂದು ಕತೆ ಇದೆ.

27ನೇ ಮನೆ (ತಾಯಿ):
ಸುಮ್ನಿರೋ.

31ನೇ ಮನೆ:
ಸರಿ, ಜಗಳ ಬೇಡ, ಈಗ ಏನು ಮಾಡೋದು ಹೇಳಿ. ಹುಡುಗ ಕಳ್ಳತನ ಏನೂ ಮಾಡಿಲ್ಲ, ಆದ್ರೆ ನನಗೆ ದಿನಾ ಹಿಟ್ಟು ರುಬ್ಬಬೇಕು.

18ನೇ ಮನೆ (ಮೇಷ್ಟ್ರು):
ನಾನು ನೋಡಿದ ಹಾಗೆ ಕಾಯಿಲಿಗೆ ಬೇರೆಯದೇ ಅರ್ತ್ ಆಗಬೇಕು, ಹಿತ್ತಲಲ್ಲಿ ಎರಡು ಮೂರು ತಾಮ್ರದ ರಾಡು, ಮನೆ ಅರ್ತಿಂದ ದೂರ, ಕಾಯಿಲಿನ ಬುಡಕ್ಕೆ ಅಗಲವಾದ ಪಟ್ಟಿ, ಉದ್ದ ಕಮ್ಮಿ ಇರಬೇಕು. ಹಾಗಾಗಿ ಟೆರೇಸ್ ಬಿಟ್ಟು ಕೆಳಗೆ ಕಾರ್ ಶೆಡ್ಡಿಗೆ ಬರಬೇಕಾಗತ್ತೆ. ಸಪ್ಲೈ ಲೈನಿಗೆ ಫಿಲ್ಟರ್, ವೋಲ್ಟೇಜ್ ಏರಿಸಿ ಇಳಿಸೋ ಡಿಮ್ಮರ್‌ಸ್ಟ್ಯಾಟ್ ನನ್ನ ಹತ್ರ ಹಳೇದಿದೆ ಕೊಡ್ತೀನಿ. ಸುತ್ತ, ಮೇಲೆ, ಕೆಳಗೆ ಕೋಳಿ ಜಾಲರಿಯ ಪಂಜರ, ಅದನ್ನೂ ಅದೇ ರಾಡಿಗೆ ಕಟ್ಟಬೇಕು. ಕಿಟಕಿ ತೆಗೆದಿರಲಿ, ಓಝೋನ್ ತುಂಬಿಕೊಳ್ಳತ್ತೆ. ಮುಗಿಯೋವರೆಗೂ ಆನ್ ಮಾಡೋ ಹಾಗಿಲ್ಲ. ಮುಗಿದ ಮೇಲೂ ರೇಡಿಯೋ ಹಿಡ್ಕೊಂಡು ನಾನೇ ಬೀದಿ ಸುತ್ತಿ ನೋಡ್ತೀನಿ, 24ರ ಗೇಟಲ್ಲಿ ಬರ್ರ್ ಅಂದ್ರೆ ಕಾಯಿಲ್ ಬಿಚ್ಚೋದೇ.

24ನೇ ಮನೆ:
ನಮ್ಮ ತಂದೆಯ ಡಾಕ್ಟರನ್ನ ಕೇಳ್ತೀನಿ. ಅವರು ಬೇಡ ಅಂದ್ರೆ ಪಂಜರ ಗಿಂಜರ ಏನೂ ಇಲ್ಲ. ಸರಿ ಅಂದ್ರೂ ಮೊದಲೇ ಇಲ್ಲಿ ಮೆಸೇಜ್ ಹಾಕಿ, ನಾವು ಅಪ್ಪನ್ನ ಅಕ್ಕನ ಮನೆಗೆ ಕರ್ಕೊಂಡು ಹೋಗಿರ್ತೀವಿ, ಆಮೇಲೇ ಹಚ್ಚಬೇಕು. ರಾತ್ರಿ ಹೊತ್ತು ಅಂತೂ ಬೇಡ.

27ನೇ ಮನೆ (ಮಗ):
ಖಂಡಿತ ಅಂಕಲ್. ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಸಾಕು ನನಗೆ.

35ನೇ ಮನೆ:
ಮತ್ತೆ ನಮ್ಮ ಬೆಲ್ಲು? ಈಗಷ್ಟೇ ಹೊಡಕೊಳ್ತು, ಪ್ಲಗ್ ಕಿತ್ತೆ ಅಂದ್ಯಲ್ಲ.

27ನೇ ಮನೆ (ಮಗ):
ಅದು ನಂದಲ್ಲ ಆಂಟಿ. ವೈರ್‌ಲೆಸ್ ಬೆಲ್ಲು ಒಂದು ಕೋಡ್ ಬಂದ್ರೆ ಮಾತ್ರ ಹೊಡಕೊಳ್ಳತ್ತೆ, ಕಿಡಿ ಸದ್ದಿಗಲ್ಲ. ಬೀದೀಲಿ ಯಾರಾದ್ರೂ ಅದೇ ಮಾಡೆಲ್ ಹೊಸದಾಗಿ ತಂದಿದಾರಾ?

22ನೇ ಮನೆ:
...ಹೋದ ವಾರ ನಾವು ತಂದ್ವಿ. ಎರಡು ತಗೊಂಡ್ರೆ ಕಮ್ಮಿ ಅಂದ್ರು.

31ನೇ ಮನೆ:
ಶನಿವಾರ ಸಂಜೆ ರಾಡ್ ಇಳಿಸೋಣ. ಹಾರೆ ನಮ್ಮನೇಲಿದೆ, ಗುದ್ದಲಿ ಯಾರಾದ್ರೂ ತನ್ನಿ. ತೋಡೋದು ಮಾತ್ರ ಹುಡುಗನೇ.