4ರಿಂದ 13 ವರ್ಷದ ಮಕ್ಕಳು, ಕೋಣೆ ಒಂದೇ: ಚಿತ್ರಕಲೆ ಹೇಗೆ ಕಲಿಸೋದು?

ಶಿಬಿರದ ಮೇಡಂ:
ಊರಿನ ಗ್ರಂಥಾಲಯದಲ್ಲಿ ಹತ್ತು ದಿನದ ಬೇಸಿಗೆ ಶಿಬಿರ, ದಿನಕ್ಕೆ ಒಂದೂವರೆ ಗಂಟೆ ಚಿತ್ರಕಲೆ. ಒಟ್ಟು 24 ಮಕ್ಕಳು: 4–6 ವರ್ಷದವರು ಏಳು, 7–9ರವರು ಹತ್ತು, 10–13ರವರು ಏಳು. ಕಲಿಸೋರು ಇಬ್ಬರು. ಬೋರ್ಡ್ ಮೇಲೆ ಒಂದೇ ಚಿತ್ರ ಬರೆದು ತೋರಿಸಿದರೆ ಚಿಕ್ಕವರು ಅರ್ಧಕ್ಕೇ ಎದ್ದು ಹೋಗ್ತಾರೆ, ದೊಡ್ಡವರು ರಬ್ಬರ್ ಹಿಡಿದು ಉಜ್ಜುತ್ತಾ ಕೂರ್ತಾರೆ. ಮೂರು ಗುಂಪಿಗೂ ಬೇರೆ ಬೇರೆ ವಿಷಯ ಕೊಡಬೇಕಾ? ಸಾಮಾನು ಏನೇನು ಬೇಕು?

ಮಸಿಕುಡಿಕೆ:
ವಿಷಯ ಒಂದೇ ಇರಲಿ, ಕೆಲಸ ಬೇರೆ ಇರಲಿ. ಉದಾಹರಣೆಗೆ 'ಜಾತ್ರೆ' ತಗೊಳ್ಳಿ.

4–6ರವರಿಗೆ ಜಾತ್ರೆ ಅಂದರೆ ಬಲೂನು, ಬತ್ತಾಸು, ಜನ. ನಾಲ್ಕು ವರ್ಷದ ಮಗು ಮನುಷ್ಯನನ್ನು ಬರೆದರೆ ಒಂದು ದುಂಡು, ಅದರಿಂದಲೇ ಇಳಿದ ಎರಡು ಕಾಲು. ಹೊಟ್ಟೆ ಇರೋದಿಲ್ಲ. ಅದು ತಪ್ಪಲ್ಲ, ಆ ವಯಸ್ಸಿನ ಚಿತ್ರವೇ ಹಾಗೆ. 'ಹೊಟ್ಟೆ ಬರೀ' ಅನ್ನಬೇಡಿ. 'ಇವನು ಬತ್ತಾಸು ತಿಂದನಲ್ಲ, ಅದು ಎಲ್ಲಿಗೆ ಹೋಯ್ತು?' ಅಂತ ಕೇಳಿ ಸುಮ್ಮನಾಗಿ. ಬರೆದರೆ ಬರೆಯಲಿ, ಬಿಟ್ಟರೆ ಬಿಡಲಿ. ಇವರಿಗೆ ಚಿತ್ರಕ್ಕೆ 20–25 ನಿಮಿಷ ಸಾಕು, ಉಳಿದ ಹೊತ್ತು ಮಣ್ಣು ಕೊಡಿ.

7–9ರವರು ಹಾಳೆಯ ಕೆಳಗೊಂದು ನೆಲದ ಗೆರೆ, ಮೇಲೊಂದು ನೀಲಿ ಪಟ್ಟಿ ಬಳಿದು ನಡುವೆ ಖಾಲಿ ಬಿಡ್ತಾರೆ. ಆಕಾಶ ಮೇಲಿದೆ, ನೆಲ ಕೆಳಗಿದೆ, ನಡುವೆ ಗಾಳಿ. ಲೆಕ್ಕ ಸರಿಯಾಗೇ ಇದೆ! ತೇರು ಬರೆದಾಗ ರಸ್ತೆಯ ಎರಡೂ ಕಡೆ ಜನ ಮಲಗಿದ ಹಾಗೆ ಕಾಣಬಹುದು. ಅದನ್ನೂ ತಿದ್ದಬೇಡಿ. ಎರಡು ಡ್ರಾಯಿಂಗ್ ಶೀಟ್ ಉದ್ದಕ್ಕೆ ಅಂಟಿಸಿ ಕೊಡಿ, ಮೂವರಿಗೆ ಒಂದರಂತೆ. ಇವರಿಗೆ ಹೇಳೋದು ತುಂಬಾ ಇರುತ್ತೆ, ಜಾಗ ಸಾಲಲ್ಲ.

10 ದಾಟಿದವರಿಗೆ ಗುಂಪು ಕಾಣಿಸೋದು ಹೇಗೆ ಅಂತ ಕಲಿಸಿ. ಹಳೇ ಪತ್ರಿಕೆಯಲ್ಲಿ ದೊಡ್ಡ, ನಡು, ಸಣ್ಣ ಅಳತೆಯ ಮನುಷ್ಯರನ್ನು ಕತ್ತರಿಸಿ. ದೊಡ್ಡವರನ್ನು ಹಾಳೆಯ ಕೆಳಗೆ, ಸಣ್ಣವರನ್ನು ಮೇಲೆ, ಒಬ್ಬರ ಹಿಂದೆ ಒಬ್ಬರು ಅರ್ಧ ಮರೆಯಾಗುವಂತೆ ಜರುಗಿಸುತ್ತಾ ಜೋಡಿಸಲಿ. ಅಂಟಿಸೋದು ಕೊನೆಗೆ; ಮೊದಲೇ ಅಂಟಿಸಿದರೆ ಜರುಗಿಸಿ ನೋಡೋ ಆಟವೇ ಇಲ್ಲ.

ಬಣ್ಣದ ಡಬ್ಬಿ:
ಸಾಮಾನಿನ ಬಗ್ಗೆ. ಪ್ರಿಂಟರ್ ಹಾಳೆ 75 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ), ನೀರು ಬಿದ್ದ ಕೂಡಲೇ ಸುರುಟುತ್ತೆ. ಬಣ್ಣಕ್ಕೆ 140–150 ಜಿಎಸ್ಎಂ ಡ್ರಾಯಿಂಗ್ ಶೀಟ್ ತರಿಸಿ. ಹಳೇ ಕ್ಯಾಲೆಂಡರ್ ಬೆನ್ನು ಆಯಿಲ್ ಪೇಸ್ಟಲ್‌ಗೆ ಒಳ್ಳೇದು, ನೀರಿನ ಬಣ್ಣ ಅದರ ಮೇಲೆ ಜಾರುತ್ತೆ.

ಪೋಸ್ಟರ್ ಕಲರ್ ಐದೇ ಸಾಕು: ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು. ಕಪ್ಪು ನಿಮ್ಮ ಹತ್ತಿರವೇ ಇರಲಿ, ಕೇಳಿದವರಿಗೆ ಒಂದು ಹನಿ. ಮಕ್ಕಳ ಕೈಗೆ ಹೋದರೆ ಹತ್ತು ನಿಮಿಷದಲ್ಲಿ ಎಲ್ಲ ಬಣ್ಣವೂ ಕೆಸರು. ಹಸಿರು ಬೇಕಾದರೆ ಹಳದಿಗೆ ನೀಲಿಯನ್ನು ಕುಂಚದ ತುದಿಯಷ್ಟೇ ಸೇರಿಸಬೇಕು. ನೀಲಿಗೆ ಹಳದಿ ಹಾಕುತ್ತಾ ಹೋದರೆ ಡಬ್ಬಿ ಹಳದಿ ಮುಗಿದರೂ ಎಲೆ ಹಸಿರು ಬರಲ್ಲ. ಪ್ರತಿ ಗುಂಪಿಗೂ ಎರಡು ಡಬ್ಬಿ ನೀರು, ಒಂದು ಕುಂಚ ತೊಳೆಯೋಕೆ, ಇನ್ನೊಂದು ಬಣ್ಣ ತೆಳು ಮಾಡೋಕೆ. ಕುಂಚವನ್ನು ನೀರಲ್ಲಿ ನಿಲ್ಲಿಸಿ ಬಿಟ್ಟರೆ ಕೂದಲು ಬಾಗುತ್ತೆ, ತಗಡಿನ ಹಿಡಿ ಸಡಿಲ ಆಗುತ್ತೆ. ಚಿಕ್ಕವರಿಗೆ 10–12 ನಂಬರ್ ಚಪ್ಪಟೆ ಕುಂಚ, ದೊಡ್ಡವರಿಗೆ ಅದರ ಜೊತೆ 4 ನಂಬರ್ ದುಂಡು ಕುಂಚ.

ಬಿಳಿ ಕ್ರೇಯಾನಲ್ಲಿ ಬರೆದು ಮೇಲೆ ಬಣ್ಣ ಬಳಿಯೋ ಆಟ ಎಲ್ಲ ವಯಸ್ಸಿಗೂ ಹಿಡಿಸುತ್ತೆ. ಅದು ಕೈಕೊಡೋದು ಎರಡೇ ಕಾರಣಕ್ಕೆ: ಕ್ರೇಯಾನ್ ಒತ್ತಿ ಬರೆದಿರಲ್ಲ, ಇಲ್ಲಾ ಬಣ್ಣ ದಪ್ಪ ಇರುತ್ತೆ. ಬಣ್ಣ ಚಹಾದಷ್ಟು ತೆಳು ಇರಬೇಕು.

ಮಣ್ಣಿಗೆ, ಹತ್ತಿರದಲ್ಲಿ ಕುಂಬಾರರಿದ್ದರೆ ಅವರ ಮಣ್ಣೇ ತನ್ನಿ. ಇಲ್ಲದಿದ್ದರೆ 2 ಲೋಟ ಮೈದಾ, 1 ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟ ನೀರು. ಪುಡಿಪುಡಿ ಅನಿಸಿದರೆ ಚೂರು ಚೂರೇ ನೀರು ಸೇರಿಸಿ ನಾದಿ. ಕಲ್ಲುಪ್ಪು ಬೇಡ, ಮೇಲ್ಮೈ ಒರಟಾಗಿ ಹರಿಯುತ್ತೆ. ಅರ್ಧ ಇಂಚಿಗಿಂತ ದಪ್ಪ ಮಾಡಿದರೆ ಹೊರಗೆ ಒಣಗಿ ಒಳಗೆ ಹಸಿ ಉಳಿದು ಬಿರುಕು ಬಿಡುತ್ತೆ.

ಶಿಬಿರದ ಮೇಡಂ:
ಹತ್ತು ದಾಟಿದವರದೇ ತಲೆನೋವು. 'ನಂಗೆ ಬರಲ್ಲ' ಅಂತ ಹಾಳೆ ಮುಟ್ಟೋದೇ ಇಲ್ಲ.

ಮಸಿಕುಡಿಕೆ:
ಆ ವಯಸ್ಸಲ್ಲಿ ಕಣ್ಣು ಕೈಗಿಂತ ಮುಂದೆ ಓಡಿರುತ್ತೆ. ತಮ್ಮ ಚಿತ್ರ ನಿಜದ ವಸ್ತುವಿನ ಹಾಗಿಲ್ಲ ಅಂತ ಅವರಿಗೇ ಗೊತ್ತಾಗುತ್ತೆ. 'ಚೆನ್ನಾಗಿದೆ, ಚೆನ್ನಾಗಿದೆ' ಅಂದರೆ ನಂಬಲ್ಲ, ಉಪಾಯ ಹೇಳಿಕೊಡಬೇಕು.

ಮೊದಲ ಎರಡು ದಿನ ರಬ್ಬರ್ ಇಲ್ಲ, ಬಾಲ್ ಪೆನ್ ಮಾತ್ರ. ತಮ್ಮ ಎಡಗೈ ನೋಡುತ್ತಾ, ಹಾಳೆ ನೋಡದೆ ಐದು ನಿಮಿಷ ಗೆರೆ ಎಳೆಯಲಿ. ಚಿತ್ರ ವಿಕಾರವಾಗಿ ಬರುತ್ತೆ, ಅದನ್ನು ಮುಂಚೆಯೇ ಹೇಳಿ.

ಆಮೇಲೆ ತಂಬಿಗೆ. ನೆಲದ ಮೇಲಿಟ್ಟ ತಂಬಿಗೆಯ ಬಾಯನ್ನು ಮಕ್ಕಳು ಮೊಟ್ಟೆಯಾಕಾರ ಬರೀತಾರೆ, ತಳಕ್ಕೆ ಮಾತ್ರ ಸ್ಕೇಲ್ ಇಟ್ಟ ಹಾಗೆ ನೇರ ಗೆರೆ. ತಳ ಚಪ್ಪಟೆ ಅಂತ ಅವರಿಗೆ ಗೊತ್ತಿರುತ್ತೆ; ಕಂಡದ್ದನ್ನಲ್ಲ, ಗೊತ್ತಿದ್ದದ್ದನ್ನು ಬರೀತಾರೆ. ನಿಜಕ್ಕೆ ತಳ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ, ಹಾಗಾಗಿ ಅದರ ಬಾಗು ಬಾಯಿಗಿಂತ ಹೆಚ್ಚೇ ಕಾಣಬೇಕು. ಬಾಯಿಮಾತಲ್ಲಿ ಇದು ತಲೆಗೆ ಹೋಗಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ರಟ್ಟಿನ ಚೌಕಟ್ಟಿಗೆ ಅಂಟಿಸಿ. ಅದನ್ನು ಕೈ ನೀಟ ಚಾಚಿ ತಂಬಿಗೆಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ಕಂಡ ಗೆರೆಯನ್ನೇ ಬೋರ್ಡ್ ಮಾರ್ಕರಲ್ಲಿ ಪ್ಲಾಸ್ಟಿಕ್ ಮೇಲೆ ಎಳೆಯಲಿ. ಮೊಣಕೈ ಮಡಚಿದರೆ ಅಳತೆ ಬದಲಾಗುತ್ತೆ, ಎರಡೂ ಕಣ್ಣು ತೆರೆದರೆ ಎರಡು ತಂಬಿಗೆ. ನಂತರ ಅದೇ ತಂಬಿಗೆಯನ್ನು ಕಣ್ಣಿನ ಎತ್ತರದ ಕಪಾಟಿನ ಮೇಲಿಟ್ಟು ಇನ್ನೊಮ್ಮೆ ಬರೆಸಿ. ಈಗ ತಳ ನೇರ ಗೆರೆಗೆ ಹತ್ತಿರ ಬರುತ್ತೆ.

ಹಸೆಗೋಡೆ:
ಪ್ಲಾಸ್ಟಿಕ್ ಹಾಳೆ ಒಂದೆರಡು ದಿನಕ್ಕೆ ಸರಿ, ಜಾಸ್ತಿಯಾದರೆ ಅದಿಲ್ಲದೆ ಕೈ ಓಡಲ್ಲ. ಅಲ್ಲದೆ ಕಂಡದ್ದನ್ನು ಕಂಡ ಹಾಗೇ ಬರೆಯೋದೊಂದೇ ಚಿತ್ರಕಲೆ ಅಂತ ಮಕ್ಕಳು ತಿಳಿಯಬಾರದು. ಶಿವಮೊಗ್ಗ ಜಿಲ್ಲೆಯ ಸಾಗರ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರ ತೋರಿಸಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಮನುಷ್ಯರೂ ಗೆರೆ, ತ್ರಿಕೋನದಲ್ಲೇ ಬರ್ತಾರೆ. 'ನಂಗೆ ಬರಲ್ಲ' ಅನ್ನೋರಿಗೆ ಇಲ್ಲಿ ಧೈರ್ಯ ಬರುತ್ತೆ.

ರಟ್ಟಿನ ಮೇಲೆ ಮಾಡಿಸೋದಾದರೆ ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿ, 4 ಚಮಚಕ್ಕೆ 1 ಚಮಚ ಫೆವಿಕಾಲ್, ಮಜ್ಜಿಗೆಯ ಹದಕ್ಕೆ ನೀರು. ಬರೀ ನೀರಲ್ಲಿ ಕಲಸಿದರೆ ಒಣಗಿದ ಮೇಲೆ ಉದುರುತ್ತೆ. ರಟ್ಟಿನ ಹಿಂಬದಿಗೂ ಒಂದು ಸಲ ಬಳಿಯಿರಿ, ಇಲ್ಲದಿದ್ದರೆ ಹಪ್ಪಳದ ಹಾಗೆ ಬಾಗುತ್ತೆ. ಪೂರ್ತಿ ಒಣಗದೆ ಬಿಳಿ ಎಳೆದರೆ ಗೆರೆ ಗುಲಾಬಿಯಾಗುತ್ತೆ, ಆದ್ದರಿಂದ ಹಿಂದಿನ ದಿನವೇ ಬಳಿದಿಡಿ.

ಬಣ್ಣದ ಡಬ್ಬಿ:
ಒಂದು ಮರೆತೆ. ಮಕ್ಕಳ ಹಾಳೆ ಮೇಲೆ ನೀವು ಗೆರೆ ಎಳೆಯಬೇಡಿ. ತೋರಿಸಲೇಬೇಕಾದರೆ ಪಕ್ಕದಲ್ಲಿ ನಿಮ್ಮದೇ ತುಂಡು ಹಾಳೆ ಇಟ್ಟುಕೊಂಡು ತೋರಿಸಿ, ಆಮೇಲೆ ಅದನ್ನು ಎತ್ತಿ ಜೇಬಿಗೆ ಹಾಕಿಕೊಳ್ಳಿ. ಬಿಟ್ಟು ಹೋದರೆ ಮುಂದಿನ ಏಳು ಚಿತ್ರ ಅದರದೇ ನಕಲು.