ಮಗಳು ಸಿಸ್ಟರ್ ಆಗುತ್ತೇನೆ ಅಂತಿದ್ದಾಳೆ, ವಾಪಸ್ ಬರೋ ದಾರಿ ಇದೆಯಾ?

ಪ್ರಶ್ನೆ:
ನಮಸ್ಕಾರ ಸಿಸ್ಟರ್. ನಾವು ಹಾಸನದ ಕಡೆಯವರು. ಮಗಳು ಬಿ.ಕಾಂ. ಕೊನೆ ವರ್ಷ. ಪರೀಕ್ಷೆ ಮುಗಿಸಿ ಕಾನ್ವೆಂಟ್ ಸೇರಿ ಕ್ಯಾಥೊಲಿಕ್ ಸನ್ಯಾಸಿನಿ ಆಗುತ್ತೇನೆ ಅಂತಾಳೆ. ನನಗೆ ಬೇಡ ಅಂತಲ್ಲ. ಆದರೆ ಒಮ್ಮೆ ಸೇರಿದರೆ ಮುಗೀತು, ವಾಪಸ್ ಬರೋ ಹಾಗಿಲ್ಲ ಅಂತಾರೆ. ನಿಜವಾ? ಅವಳ ಹೆಸರಲ್ಲಿ ಎಜುಕೇಶನ್ ಲೋನ್ ಬೇರೆ ಇದೆ.

ಉತ್ತರ (ತರಬೇತಿ ನೋಡಿಕೊಳ್ಳುವ ಸಿಸ್ಟರ್):
ಇಲ್ಲಮ್ಮ, ಆ ಮಾತು ನಿಜವಲ್ಲ. ಮೊದಲು ಸ್ವಲ್ಪ ಕಾಲ ಅವಳು ಸುಮ್ನೆ ನಮ್ಮ ಜೊತೆ ಇದ್ದು ನೋಡುತ್ತಾಳೆ. ಆಮೇಲೆ ನೊವಿಶಿಯೇಟ್, ಅಂದರೆ ವ್ರತಕ್ಕೆ ಮುಂಚಿನ ತರಬೇತಿ, ಕನಿಷ್ಠ 12 ತಿಂಗಳು. ಅಷ್ಟರೊಳಗೆ ಯಾವ ದಿನ ಬೇಕಾದರೂ ಮನೆಗೆ ಹೊರಡಬಹುದು. ಧರ್ಮಸಭೆಯ (ಚರ್ಚ್‌ನ) ಕಾನೂನಿನಲ್ಲೇ ಹಾಗಿದೆ. ನಂತರ ಬಡತನ, ಬ್ರಹ್ಮಚರ್ಯ, ವಿಧೇಯತೆಯ ಮೊದಲ ವ್ರತ. ಅದಕ್ಕೂ ಅವಧಿ ಇದೆ, ಮುಗಿದಾಗ ಬಿಟ್ಟು ಬರಬಹುದು. ಕಡಿಮೆ ಅಂದರೂ 3 ವರ್ಷ ಹೀಗೆ ಬದುಕಿದ ಮೇಲೆಯೇ ಜೀವನಪೂರ್ತಿಯ ವ್ರತ. ಅದಾದ ಮೇಲೆ ಬಿಡುಗಡೆ ಕಷ್ಟ, ಬಹಳ ಗಂಭೀರ ಕಾರಣ ಬೇಕು.

ಲೋನ್ ವಿಷಯ ಕೇಳಿದ್ದು ಒಳ್ಳೆಯದಾಯಿತು. ತೀರಿಸಲಾಗದ ಸಾಲ ಇರುವವರನ್ನು ನಾವು ಸೇರಿಸಿಕೊಳ್ಳುವ ಹಾಗಿಲ್ಲ. ಕೆಲಸಕ್ಕೆ ಸೇರಿ ಸಾಲ ಮುಗಿಸಿ ಬರಲಿ. ದೈವಕರೆ, ಅಂದರೆ ದೇವರು ಈ ಬದುಕಿಗೆ ಕರೆಯುತ್ತಿದ್ದಾನೆ ಅನ್ನುವ ಒಳದನಿ, ನಿಜವಾಗಿದ್ದರೆ ಅಷ್ಟರಲ್ಲಿ ಆರಿಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ.

ಇನ್ನೊಂದು ಮಾತು. ಹರಕೆ ಹೊತ್ತಿದ್ದೇವೆ ಅಂತ ಮಗಳನ್ನು ಕರೆತಂದು ಬಿಡುವ ಮನೆಯವರೂ ಇದ್ದಾರೆ. ಅದನ್ನು ಕಂಡರೆ ನನಗೆ ತುಂಬಾ ಸಂಕಟ. ಒತ್ತಾಯದಿಂದ, ಹೆದರಿಕೆಯಿಂದ ನೊವಿಶಿಯೇಟ್ ಸೇರಿದರೆ ಆ ಪ್ರವೇಶವೇ ಅಸಿಂಧು. ನಿಮ್ಮ ಮಗಳು ತಾನಾಗಿ ಕೇಳುತ್ತಿದ್ದಾಳೆ, ಅದೇ ದೊಡ್ಡದು.

ಇನ್ನೊಬ್ಬ ಸದಸ್ಯೆ:
ಸಿಸ್ಟರ್, ಯಾವ ಕಾನ್ವೆಂಟ್ ಸೇರಿದರೂ ಒಂದೇ ಅಲ್ವಾ?

ಉತ್ತರ:
ಖಂಡಿತ ಅಲ್ಲ. ಮಂಗಳೂರನ್ನೇ ನೋಡಿ. ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1870ರಲ್ಲಿ ಅಲ್ಲಿಗೆ ಬಂದರು. ಹೆಣ್ಣುಮಕ್ಕಳ ಶಿಕ್ಷಣ ಅವರ ಮುಖ್ಯ ಕೆಲಸ. 1921ರಲ್ಲಿ ಫಾದರ್ ರೇಮಂಡ್ ಮಸ್ಕರೇನ್ಹಸ್ ಅಲ್ಲೇ ಬೆಥನಿ ಸಭೆ (ಸಿಸ್ಟರ್‌ಗಳ ಸಂಘ) ಶುರು ಮಾಡಿದರು. ಅದೇ ಊರಿನ ಕ್ಲಾಯ್ಸ್ಟರ್ ಕಾರ್ಮೆಲ್ ಸಿಸ್ಟರ್‌ಗಳು ಮಠದೊಳಗೇ ಇದ್ದು ಪ್ರಾರ್ಥನೆಯಲ್ಲೇ ಬದುಕುತ್ತಾರೆ. ಪಾಠ ಹೇಳುವ ಆಸೆ ಇರುವವಳಿಗೆ ಈ ಮಠ ಒಗ್ಗುವುದು ಕಷ್ಟ.

ಪ್ರಶ್ನೆ ಕೇಳಿದ ತಾಯಿ:
ಅವಳನ್ನು ನೋಡೋಕೆ ಬರಬಹುದಾ ಸಿಸ್ಟರ್?

ಉತ್ತರ:
ಬರಬಹುದಮ್ಮ. ನೊವಿಶಿಯೇಟ್ ಸಮಯದಲ್ಲಿ ಭೇಟಿ, ಫೋನ್ ಎರಡೂ ಕಡಿಮೆ. ಆ ತಿಂಗಳುಗಳು ನಿಮಗೇ ಜಾಸ್ತಿ ಕಷ್ಟ. ಮನೆಗೆ ರಜೆ ಕೊಡುವ ರೀತಿ ಸಭೆಯಿಂದ ಸಭೆಗೆ ಬೇರೆ. ಸೇರುವ ಮೊದಲೇ ಕೇಳಿಕೊಳ್ಳಿ. ದೈವಕರೆ ಶಿಬಿರಕ್ಕೆ ಅವಳನ್ನು ಕಳಿಸುವಾಗ ನೀವೂ ಜೊತೆಗೆ ಬನ್ನಿ, ಅಲ್ಲಿನ ಸಿಸ್ಟರ್‌ಗಳ ಹತ್ತಿರ ಕೂತು ಮಾತಾಡಿ.