ಎದೆಯ ಮೇಲೆ ತಲೆಬುರುಡೆ ಇರುವ ಪತಂಗ: ಯಾವ ಪ್ರಭೇದ?

ಪ್ರಶ್ನೆ: ದಕ್ಷಿಣ ಭಾರತದಲ್ಲಿ ರಾತ್ರಿ ದೀಪದ ಪಕ್ಕ ಕೂತಿದ್ದ ದೊಡ್ಡ ಹಾಕ್ ಮಾತ್ (ದಪ್ಪ ಮೈಯ ಒಂದು ಜಾತಿಯ ಪತಂಗ). ರೆಕ್ಕೆ ಹರಡಿದರೆ ಸುಮಾರು 11 ಸೆಂ.ಮೀ. ಮುಟ್ಟಿದರೆ ಕೀಚ್ ಅನ್ನುತ್ತದೆ. ಫೋಟೊ ಹಾಕಿ ಹುಡುಕಿದರೆ ‘ಅಕೆರಾಂಟಿಯಾ ಅಟ್ರೊಪೋಸ್’ ಅಂತ ಬರುತ್ತಿದೆ. ಸರಿಯೇ? ಕಚ್ಚುತ್ತದೆಯೇ?

ಉತ್ತರ: ಕುಲ ಸರಿ, ಪ್ರಭೇದ ಅಲ್ಲ. ಅಟ್ರೊಪೋಸ್ ಆಫ್ರಿಕಾ, ಯುರೋಪ್ ಮತ್ತು ಪಶ್ಚಿಮ ಏಷ್ಯಾದ್ದು. ಇಂಟರ್ನೆಟ್ಟಿನಲ್ಲಿ ಅದರ ಫೋಟೊಗಳೇ ಹೆಚ್ಚು, ಹಾಗಾಗಿ ಆ್ಯಪ್‌ಗಳು ಮೊದಲು ಅದನ್ನೇ ಹೇಳುತ್ತವೆ. ಭಾರತದಲ್ಲಿ ನೋಡಬೇಕಾದ್ದು ಅದೇ ಕುಲದ ಎರಡು ಪ್ರಭೇದ ಮಾತ್ರ: ಸ್ಟಿಕ್ಸ್ ಮತ್ತು ಲ್ಯಾಕೆಸಿಸ್.

ತಲೆಬುರುಡೆಯನ್ನು ನಂಬಬೇಡಿ. ಮೂರರಲ್ಲೂ ಅದಿದೆ, ಹಳೆಯ ಪತಂಗದಲ್ಲಿ ಹುರುಪೆ (ಮೈಮೇಲಿನ ಪುಡಿಯಂಥ ಪದರ) ಉದುರಿ ಮಾಸಿಯೂ ಹೋಗಿರುತ್ತದೆ. ಹಿಂದಿನ ರೆಕ್ಕೆ ನೋಡಿ. ಹಳದಿಯ ಮೇಲೆ ಎರಡು ಕಪ್ಪು ಪಟ್ಟೆ ಬಿಡಿಬಿಡಿಯಾಗಿ ಕಂಡರೆ ಸ್ಟಿಕ್ಸ್. ರೆಕ್ಕೆಯ ಬುಡವೇ ಕಪ್ಪಾಗಿ, ಹಳದಿ ಕಡಿಮೆಯಾಗಿದ್ದರೆ ಲ್ಯಾಕೆಸಿಸ್. ಹೊಟ್ಟೆಯ ಮೇಲ್ಭಾಗದಲ್ಲೂ ಲ್ಯಾಕೆಸಿಸ್‌ಗೆ ನೀಲಿ-ಬೂದು ಪಟ್ಟಿ ಅಗಲ, ಪಕ್ಕದ ಹಳದಿ ಕಿರಿದು. ಲ್ಯಾಕೆಸಿಸ್ 13 ಸೆಂ.ಮೀ.ವರೆಗೂ ಬೆಳೆಯುತ್ತದೆ, ಆದರೆ ನಿಮ್ಮ 11 ಎರಡಕ್ಕೂ ಹೊಂದುತ್ತದೆ. ಅಳತೆಯಿಂದ ತೀರ್ಮಾನ ಬೇಡ.

ನಿಮ್ಮ ಫೋಟೊ ಮೇಲಿನಿಂದ ತೆಗೆದದ್ದು. ಕೂತಾಗ ಮುಂದಿನ ರೆಕ್ಕೆ ಹಿಂದಿನದನ್ನು ಮುಚ್ಚುತ್ತದೆ, ಹಾಗಾಗಿ ಮುಖ್ಯ ಗುರುತೇ ಕಾಣುತ್ತಿಲ್ಲ. ಮೆತ್ತನೆ ಬ್ರಷ್ಷಿನಿಂದ ಮುಂದಿನ ರೆಕ್ಕೆಯ ಅಂಚನ್ನು ಸ್ವಲ್ಪ ಮುಂದಕ್ಕೆ ಸರಿಸಿ ತೆಗೆಯಿರಿ. ಬೆರಳಿನಿಂದ ಹಿಡಿಯಬೇಡಿ, ಹುರುಪೆಯ ಜೊತೆಗೆ ಗುರುತೂ ಹೋಗುತ್ತದೆ.

ಕಚ್ಚುವುದಿಲ್ಲ, ವಿಷವೂ ಇಲ್ಲ. ಗಂಟಲಿನ ಮೂಲಕ ಗಾಳಿ ಹೊಡೆದು ಆ ಸದ್ದು ಮಾಡುತ್ತದೆ. ಹೀರುನಳಿಕೆ ಗಿಡ್ಡ ಮತ್ತು ಗಟ್ಟಿ. ಜೇನುಗೂಡಿಗೆ ನುಗ್ಗಿ ಜೇನು ಹೀರಲು ಅದೇ ಸಾಕು.

ಇನ್ನೊಬ್ಬರು: ಪಶ್ಚಿಮ ಏಷ್ಯಾದಿಂದ ಯಾರಾದರೂ ಫೋಟೊ ಹಾಕಿದರೆ ಮಾತ್ರ ತೊಡಕು, ಅಲ್ಲಿ ಸ್ಟಿಕ್ಸ್, ಅಟ್ರೊಪೋಸ್ ಎರಡೂ ಸಿಗುತ್ತವೆ. ಆಗ ಹೊಟ್ಟೆಯ ಅಡಿಭಾಗದ ಫೋಟೊ ಬೇಕು: ಅಡ್ಡ ಕಪ್ಪು ಪಟ್ಟಿಗಳಿದ್ದರೆ ಅಟ್ರೊಪೋಸ್, ಇಲ್ಲದಿದ್ದರೆ ಸ್ಟಿಕ್ಸ್. ಮುಂದಿನ ರೆಕ್ಕೆಯ ನಡುವಿನ ಚುಕ್ಕೆ ಸ್ಟಿಕ್ಸ್‌ನಲ್ಲಿ ಕಿತ್ತಳೆ, ಅಟ್ರೊಪೋಸ್‌ನಲ್ಲಿ ಬಿಳಿಚು.

ಪ್ರಶ್ನೆ ಕೇಳಿದವರು: ರೆಕ್ಕೆ ಸರಿಸಿ ತೆಗೆದೆ ಸರ್. ಎರಡು ಪಟ್ಟೆ, ಬುಡ ಹಳದಿ.

ಉತ್ತರ: ಹಾಗಾದರೆ ಸ್ಟಿಕ್ಸ್. ಹತ್ತಿರ ಎಳ್ಳು, ಬದನೆ ಇದ್ದರೆ ಎಲೆ ಕೆಳಗೆ ಹುಡುಕಿ; ಬಾಲದ ತುದಿಯಲ್ಲಿ ಕೊಂಬಿರುವ, ಇದರ ದಪ್ಪ ಮರಿಹುಳು ಸಿಗಬಹುದು. ಹಸಿರು, ಹಳದಿ, ಕಂದು ಯಾವ ಬಣ್ಣದ್ದಾದರೂ ಇರಬಹುದು, ಬಣ್ಣ ಬೇರೆ ಅಂತ ಬೇರೆ ಪ್ರಭೇದ ಅಂದುಕೊಳ್ಳಬೇಡಿ.